ಹಲ್ ಸಿಟಿ ಕುಸಿದಿದ್ದು ಆ ಬೈಗುಳದಿಂದಲ್ಲ

ಚೆನ್ನಾಗಿ ಶುರು ಮಾಡಿ ಆಮೇಲೆ ನಿರಾಶೆ ಮಾಡಿದ ಇಂಗ್ಲೆಂಡ್ ಫುಟ್‌ಬಾಲ್ ತಂಡಗಳ ಪಟ್ಟಿ ಕೊಟ್ಟಿರುವ ನಿಮ್ಮ ಲೇಖನ ಓದಿದೆ. ಮ್ಯಾಂಚೆಸ್ಟರ್ ಸಿಟಿ ಮೈದಾನದಲ್ಲಿ ತರಬೇತುದಾರ ಫಿಲ್ ಬ್ರೌನ್ ತಮ್ಮ ಆಟಗಾರರನ್ನು ಎಲ್ಲರೆದುರು ಬೈದದ್ದೇ 2008-09ರ ಪ್ರೀಮಿಯರ್ ಲೀಗ್‌ನಲ್ಲಿ ಹಲ್ ಸಿಟಿಯ ಕುಸಿತಕ್ಕೆ ಕಾರಣ ಎಂದು ಅದು ಹೇಳುತ್ತದೆ. ನಾನು ಒಪ್ಪಲ್ಲ. ಮಧ್ಯಂತರದಲ್ಲಿ 4-0 ಹಿಂದಿದ್ದ ತಂಡವನ್ನು ಹುಲ್ಲಿನ ಮೇಲೆ ಕೂರಿಸಿ ಬೈದದ್ದು ತಪ್ಪೇ. ಆದರೆ ಅದು ನಡೆದದ್ದು ಡಿಸೆಂಬರ್ 26ಕ್ಕೆ. ಮೊದಲ 9 ಪಂದ್ಯಗಳಲ್ಲಿ 20 ಅಂಕ ಗಳಿಸಿದ್ದ ತಂಡ, ಅಕ್ಟೋಬರ್ ಕೊನೆಯಿಂದ ಆ ದಿನದವರೆಗೆ ಗೆದ್ದಿದ್ದು ಒಂದೇ ಪಂದ್ಯ! ಇಳಿಜಾರು ಆಗಲೇ ಶುರುವಾಗಿತ್ತು, ಅಲ್ವಾ?

ನನ್ನ ಪ್ರಕಾರ ಎದುರಾಳಿಗಳು ಅವರ ಆಟವನ್ನು ಅರ್ಥ ಮಾಡಿಕೊಂಡರು. ಆರ್ಸೆನಲ್ ಮೈದಾನದಲ್ಲಿ ಹಲ್‌ನ ಜಿಯೊವಾನಿ ದೂರದಿಂದ ಹೊಡೆದು ಮೂಲೆಗೆ ಸೇರಿಸಿದ ಆ ಗೋಲು ನೆನಪಿದೆಯಾ? ಅಂಥ ಹೊಡೆತಕ್ಕೆ ಆಮೇಲೆ ಯಾರೂ ಅಷ್ಟು ಜಾಗ ಬಿಡಲಿಲ್ಲ.

ಇನ್ನೊಂದು ಮಾತು. ಆ ವರ್ಷವನ್ನು ಸುಮ್ನೆ 'ನಿರಾಶೆ' ಪಟ್ಟಿಗೆ ಸೇರಿಸಬೇಡಿ. ಕ್ಲಬ್‌ನ ಇತಿಹಾಸದಲ್ಲೇ ಅದು ದೇಶದ ಅತ್ಯುನ್ನತ ಲೀಗ್‌ನಲ್ಲಿ ಮೊದಲ ವರ್ಷ. ಉಳಿದ 29 ಪಂದ್ಯಗಳಲ್ಲಿ ಸಿಕ್ಕಿದ್ದು ಬರೀ 15 ಅಂಕ, ನಿಜ. ಆದರೂ ಕೊನೆಗೆ ನ್ಯೂಕ್ಯಾಸಲ್‌ಗಿಂತ ಒಂದೇ ಒಂದು ಅಂಕ ಜಾಸ್ತಿ ಇದ್ದುದರಿಂದ, ಕೆಳಗಿನ ಲೀಗ್‌ಗೆ ಇಳಿಯದೆ ಉಳಿದರು. ಆರಂಭದ ಆ 20 ಅಂಕವೇ ಅವರನ್ನು ಕಾಪಾಡಿತು.

ನಿಜವಾಗಿ ಕರುಳು ಹಿಂಡುವ ಕತೆ ಬ್ಲ್ಯಾಕ್‌ಪೂಲ್ ತಂಡದ್ದು, ಲೇಖನದಲ್ಲಿ ಅದು ಇಲ್ಲವೇ ಇಲ್ಲ. 2010-11ರ ಲೀಗ್‌ನ ಮೊದಲ ಪಂದ್ಯದಲ್ಲೇ ವಿಗನ್ ತಂಡವನ್ನು ಅವರ ಮೈದಾನದಲ್ಲಿ 4-0ಯಿಂದ ಸೋಲಿಸಿದರು. ಲೀಗ್‌ನ ಕೊನೆಗೆ ವಿಗನ್ 42 ಅಂಕದೊಂದಿಗೆ ಉಳಿಯಿತು, ಬ್ಲ್ಯಾಕ್‌ಪೂಲ್ 39ಕ್ಕೆ ನಿಂತು ಕೆಳಗಿಳಿಯಿತು. ದಯವಿಟ್ಟು ಅವರ ಬಗ್ಗೆಯೂ ಬರೆಯಿರಿ.