ಫೋನ್ ಕೆಟ್ಟರೆ ಬೆಂಗಳೂರಿಗೇ ಹೋಗಬೇಕಿಲ್ಲ

ಆನ್‌ಲೈನಿನಲ್ಲಿ ತಗೊಂಡ ಫೋನ್ ಕೆಟ್ಟರೆ ಕಂಪನಿ ಇರುವ ಊರಲ್ಲೇ ಕೇಸ್ ಹಾಕಬೇಕು ಎಂಬ ಮಾತು ಹಾಸನದಲ್ಲಿ ಓಡಾಡುತ್ತಿದೆ. ಇದು ತಪ್ಪು.

1986ರ ಹಳೆಯ ಕಾನೂನಿನಲ್ಲಿ ದೂರು ಕೊಡುವವರ ಊರು ಲೆಕ್ಕಕ್ಕಿರಲಿಲ್ಲ, ನಿಜ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಅದನ್ನು ಬದಲಿಸಿತು. 2020ರ ಜುಲೈಯಿಂದ, ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅರಸೀಕೆರೆಯವರಾಗಲಿ, ಸಕಲೇಶಪುರದವರಾಗಲಿ, ಹಾಸನದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರೂ ಕಡ್ಡಾಯವಲ್ಲ.

ಸರ್ವಿಸ್ ಸೆಂಟರಿನವರು "ಇದು ಕಂಪನಿ ಪಾಲಿಸಿ" ಅಂದರೆ ಸುಮ್ನೆ ತಲೆಯಾಡಿಸಿ ಬರಬೇಡಿ. ಪಾಲಿಸಿ ಕಾನೂನಿಗಿಂತ ದೊಡ್ಡದಲ್ಲ ಅಲ್ವಾ? ಅವರು ಹೇಳಿದ್ದನ್ನು ಬರೆಸಿಕೊಳ್ಳಿ, ಬಿಲ್ ಜೋಪಾನ ಮಾಡಿ. ಮೊದಲು 1915 ಸಹಾಯವಾಣಿಗೆ ಕರೆ ಮಾಡಬಹುದು. ಆಯೋಗಕ್ಕೆ ಹೋಗುವುದಾದರೆ ಗಡುವು ಎರಡು ವರ್ಷ.