ನಾಲ್ಕು ಗಡಿ ದಾಟಿದ ನಾಯಕನೂ ತಲಪಾಡಿಯ ಮಣ್ಣುರಾಶಿಯೂ

ಭಯೋತ್ಪಾದಕರಿಂದ ದೇಶವನ್ನು ಮತ್ತೊಮ್ಮೆ ರಕ್ಷಿಸಲಾಗಿದೆ. ಕಳೆದ ಭಾನುವಾರ ಮಂಗಳೂರಿನ ಮಾಲೊಂದರ ಚಿತ್ರಮಂದಿರದಲ್ಲಿ ಎರಡೂ ಮುಕ್ಕಾಲು ಗಂಟೆ ಕುಳಿತು ನಾನೇ ಕಣ್ಣಾರೆ ಕಂಡಿರುವುದರಿಂದ ಈ ಬಗ್ಗೆ ಯಾರಿಗೂ ಸಂಶಯ ಬೇಡ. ಕಥೆ ನಿಮಗೆ ಗೊತ್ತಿರುವುದೇ. ಹೋದ ವರ್ಷ ಬೇರೆ ಹೆಸರಿನಲ್ಲಿ ಬಂದಾಗಲೂ ನೋಡಿದ್ದೀರಿ. "ಮಾವ, ಇದರಲ್ಲಿ ಲಾಜಿಕ್ ಹುಡುಕಲಿಕ್ಕೆ ಹೋಗಬೇಡಿ" ಎಂದು ಟಿಕೆಟು ತೆಗೆದ ಸೋದರಳಿಯ ಮೊದಲೇ ಎಚ್ಚರಿಸಿದ್ದ.

ನಾನು ಅದನ್ನು ಹುಡುಕಲಿಲ್ಲ. ನನ್ನನ್ನು ಬೆರಗುಗೊಳಿಸಿದ್ದು ಭಾಷೆ. ನಾಯಕ ಕಾಲಿಟ್ಟ ದೇಶದಲ್ಲೆಲ್ಲ ಜನರು ಹಿಂದಿ ಮಾತನಾಡುತ್ತಾರೆ. ರಷ್ಯದ ಬಾಡಿಗೆ ಕೊಲೆಗಾರ, ಕಾಬೂಲಿನ ರೊಟ್ಟಿ ಅಂಗಡಿಯ ಮುದುಕ, ಕೊನೆಗೆ ಬಾಂಬಿನ ಪಕ್ಕದಲ್ಲಿ ಕುಳಿತು ಹಡೆದ ತಾಯಿಗೆ ಫೋನು ಮಾಡುವ ಖಳನೂ ಹಿಂದಿಯಲ್ಲಿಯೇ ಕಣ್ಣೀರು ಹಾಕುತ್ತಾನೆ. ಹೀಗಿರುವಾಗ ವೇಷ ಮರೆಸಲು ನಾಯಕನಿಗೆ ಒಂದು ಅಂಟುಗಡ್ಡ ಸಾಕು. ಗೂಢಚಾರಿಕೆ ಎಂದರೇನೆಂದು ತಿಳಿಯಬೇಕಾದರೆ ನಿರ್ದೇಶಕರು ಕೇರಳದ ಗಡಿಯೊಳಗಿರುವ ನಮ್ಮ ಕಾಸರಗೋಡಿನ ಉಪ್ಪಳದ ಬಸ್ ನಿಲ್ದಾಣಕ್ಕೆ ಬರಬೇಕು. ಮನೆಯಲ್ಲಿ ತುಳು, ಮೀನಿನವನೊಡನೆ ಬ್ಯಾರಿ, ಶಾಲೆಯಲ್ಲಿ ಕನ್ನಡ, ವಿಲ್ಲೇಜ್ ಆಫೀಸಿನಲ್ಲಿ ಮಲಯಾಳ ಎಂದು ನಾಲ್ಕು ವೇಷ ಬದಲಿಸಿ, ಓದಲು ಬಾರದ ನಮೂನೆಗೆ ಸರಿಯಾದ ಜಾಗದಲ್ಲಿಯೇ ಸಹಿ ಹಾಕಿ, ಗುಮಾಸ್ತರಿಗೆ ಸುಳಿವು ಸಿಗದಂತೆ ಹೊರಬರುವ ಅಜ್ಜಿಯಂದಿರು ನಮ್ಮಲ್ಲಿದ್ದಾರೆ. ಅವರ ತರಬೇತಿ ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಂದೇ ಆರಂಭವಾಗಿದೆ.

ಚಿತ್ರದ ಗುಪ್ತಚರ ಕಚೇರಿಯಂತೂ ಒಡವೆ ಅಂಗಡಿಯಂತೆ ಝಗಝಗಿಸುತ್ತದೆ. ಗೋಡೆಯ ಮೇಲೆ ಆಳೆತ್ತರದ ಲಾಂಛನ ಬೇರೆ. ಅಸಲು ‘ರಾ’ ಸಂಸ್ಥೆ 1968ರಲ್ಲಿ ಹುಟ್ಟಿದ್ದು, ಬಹುಮಟ್ಟಿಗೆ ಮಾಹಿತಿ ಹಕ್ಕು ಕಾಯ್ದೆಗೂ ನಿಲುಕದಷ್ಟು ಸಂಕೋಚದ ಸಂಸ್ಥೆ. ಆದರೂ ಕಡತ ಕಾಯುವ ವಿದ್ಯೆಯಲ್ಲಿ ಅದಕ್ಕಿಂತ ಹಿರಿಯರಿದ್ದಾರೆ. ಕಾಸರಗೋಡಿನ ಚಂದ್ರಗಿರಿ ಹೊಳೆಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕೆಂದು ಗಡಿ ತಕರಾರು ವಿಚಾರಿಸಿದ ಮಹಾಜನ ಆಯೋಗ 1967ರಲ್ಲಿ ಬರೆದುಕೊಟ್ಟ ವರದಿಗೆ ಇಂದಿನವರೆಗೂ ಬಿಸಿಲು ತಾಗದಂತೆ ನೋಡಿಕೊಂಡವರನ್ನು ಯಾವ ಶತ್ರುವೂ ಬಾಯಿ ಬಿಡಿಸಲಾರ.

ಬಾಂಬು ಎಂದಿನಂತೆ ಇನ್ನೊಂದು ಸೆಕೆಂಡು ಉಳಿದಿರುವಾಗ ನಿಂತಿತು. ಕೆಂಪು ತಂತಿಯೋ ನೀಲಿ ತಂತಿಯೋ ಎಂದು ನಾಯಕ ಯೋಚಿಸುತ್ತಿದ್ದಾಗ ನನಗೇಕೋ ತುಕಾರಾಂ ಓಂಬ್ಳೆಯವರ ನೆನಪಾಯಿತು. 2008ರ ನವೆಂಬರ್ 26ರಂದು ಹತ್ತು ಮಂದಿ ಸಮುದ್ರದ ದಾರಿಯಲ್ಲಿ ಮುಂಬಯಿಗೆ ಬಂದಿಳಿದ ಆ ರಾತ್ರಿ, ಗಿರ್‌ಗಾಂವ್ ಚೌಪಾಟಿಯಲ್ಲಿ ಕಸಬ್‌ನ ಬಂದೂಕಿನ ನಳಿಗೆಯನ್ನು ಹಿಡಿದುಕೊಂಡ ಆ ಸಹಾಯಕ ಸಬ್ ಇನ್‌ಸ್ಪೆಕ್ಟರರ ಬಳಿ ಇದ್ದದ್ದು ಒಂದು ಲಾಠಿ. ಅವರು ನಿಧಾನಗತಿಯಲ್ಲಿ ನಡೆದುಬರಲಿಲ್ಲ, ತಂಪು ಕನ್ನಡಕವನ್ನೂ ಧರಿಸಿರಲಿಲ್ಲ. ಗುಂಡುಗಳು ಹೊಟ್ಟೆಗೆ ಹೊಕ್ಕರೂ ಹಿಡಿತ ಬಿಡದೆ ಸತ್ತರು.

ಇರಲಿ, ನಾಯಕನ ಗಡಿ ದಾಟುವ ಕಲೆಯನ್ನಾದರೂ ಮೆಚ್ಚಲೇಬೇಕು. ಮಧ್ಯಂತರಕ್ಕೆ ಮುನ್ನವೇ ನಾಲ್ಕು ದೇಶಗಳ ಗಡಿಯನ್ನು ಬೈಕಿನಲ್ಲಿ, ಧುಮುಕುಕೊಡೆಯಲ್ಲಿ, ಒಮ್ಮೆ ಆಡಿನ ಹಿಂಡಿನ ನಡುವೆ ತೆವಳಿ ದಾಟಿದ. ಪಕ್ಕದ ಸಾಲಿನವರು ಶಿಳ್ಳೆ ಹಾಕಿದರು. ನನಗೆ ಶಿಳ್ಳೆ ಬರಲಿಲ್ಲ. 2020ರ ಮಾರ್ಚಿನಲ್ಲಿ, ಕೊರೊನಾ ಬಂದಾಗ, ಎರಡು ರಾಜ್ಯಗಳ ಗಡಿಯಾದ ತಲಪಾಡಿಯ ಹೆದ್ದಾರಿಗೆ ಅಡ್ಡಲಾಗಿ ಕರ್ನಾಟಕದವರು ಮಣ್ಣು ಸುರಿದಿದ್ದರು. ಅದರ ಆಚೆ ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಮಂಗಳೂರಿನ ಆಸ್ಪತ್ರೆಗಳು, ಈಚೆ ಆಂಬುಲೆನ್ಸಿನೊಳಗೆ ನಮ್ಮವರು. ಹಿಂದಕ್ಕೆ ಕಳುಹಿಸಲ್ಪಟ್ಟು ಸತ್ತವರು ಭಯೋತ್ಪಾದಕರಾಗಿರಲಿಲ್ಲ, ಮಂಗಳೂರಿನಲ್ಲಿಯೇ ಔಷಧಿ ಮಾಡಿಕೊಂಡು ಬಂದ ರೋಗಿಗಳಾಗಿದ್ದರು. ಒಂದೇ ದೇಶದ ಎರಡು ರಾಜ್ಯಗಳು ನ್ಯಾಯಾಲಯದಲ್ಲಿ ವಾದಿಸುತ್ತಿದ್ದಾಗ ಆ ಮಣ್ಣುರಾಶಿಯನ್ನು ದಾಟಿಸಲು ಯಾವ ನಾಯಕನೂ ಬರಲಿಲ್ಲ. ಇದನ್ನು ತಮಾಷೆಯಾಗಿ ಬರೆಯಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗುವುದಿಲ್ಲ.

ಹಿಂದಿರುಗುವಾಗ ಗಡಿ ದಾಟಿದ ಕೂಡಲೇ ಅಬಕಾರಿಯವರು ಬಸ್ಸು ಹತ್ತಿದರು. ಅಗ್ಗದ ಬಾಟಲಿ ಸಾಗಿಸುವವರನ್ನು ಹುಡುಕುವ ಅವರ ಕಣ್ಣು ನಮ್ಮ ಚೀಲದ ಮೇಲೆ ಬಿತ್ತು. ಒಳಗೇನೆಂದು ಮಲಯಾಳದಲ್ಲಿ ಕೇಳಿದರು. ನಾನು ಮಲಯಾಳದಲ್ಲಿಯೇ ಏನೂ ಇಲ್ಲವೆಂದೆ. ಅಧಿಕಾರಿ ಕೈ ಹಾಕಿ ತಡಕಾಡಿ, ಸೋದರಳಿಯ ಕಾಸು ಕೊಟ್ಟದ್ದಕ್ಕೆ ಬಿಡಲಾರೆನೆಂದು ತುಂಬಿಕೊಂಡಿದ್ದ ಅರ್ಧ ಪೊಟ್ಟಣ ಪಾಪ್‌ಕಾರ್ನನ್ನು ಹೊರಗೆಳೆದು, ಮೂಸಿ ನೋಡಿ, ವಾಪಸು ಇಟ್ಟರು.