ಒಂದು ವಿಸಿಆರ್, ಮೂರು ಟಿವಿ: ಒಳಕೋಣೆಗೂ ಚಿತ್ರ ಹೋಗಬೇಕು

ಕಳೆದ ತಿಂಗಳು ಪೇಟೆಯ ಅಂಗಡಿಯೊಂದರಲ್ಲಿ ಕೇಳಿದ ಮಾತು ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. "ಮೂರು ಟಿವಿಗೆ ಮೂರು ಪ್ಲೇಯರ್ ಬೇಕು ಸರ್. ಒಂದರಿಂದ ಎಲ್ಲದಕ್ಕೂ ಕೊಡುವುದು ಹಳೆಯ ಕಾಲದ ಮಾತು, ಈಗ ಆಗುವುದಿಲ್ಲ" ಎಂದರು. ಆಗುತ್ತದೆ. ನಮ್ಮ ಮನೆಯಲ್ಲಿ ಆಗಿದೆ. ಹೇಗೆ ಆಯಿತು, ಅದು ನನಗೆ ಯಾಕೆ ಇಷ್ಟು ಮುಖ್ಯವಾಯಿತು ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮದು ಸಾಗರ ತಾಲ್ಲೂಕಿನ ಹಳೆಯ ಹಂಚಿನ ಮನೆ. ಜಗಲಿ, ನಡುಮನೆ, ಅದರಾಚೆ ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆ, ಮೇಲೆ ಮೆತ್ತು. ಎರಡು ಮಳೆಗಾಲದ ಹಿಂದೆ ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಮೇಲೆ ಅಡುಗೆಮನೆ ಪಕ್ಕದ ಆ ಕೋಣೆಯೇ ಅವಳ ಜಾಗ. ಅಪ್ಪಯ್ಯ ನಮಗೆ ಬಿಟ್ಟುಹೋದದ್ದು ಮೂರು ಎಕರೆ ಅಡಿಕೆ ತೋಟ ಮತ್ತು ಕಬ್ಬಿಣದ ಟ್ರಂಕಿನ ತುಂಬ ವಿಎಚ್‌ಎಸ್ ಕ್ಯಾಸೆಟ್. 1980ರ ದಶಕದ ಕೊನೆಯಿಂದ ಹದಿನೈದು ವರ್ಷ, ನಮ್ಮ ಅಂಗಳದಲ್ಲೂ ಊರಿನ ದೇವಸ್ಥಾನದಲ್ಲೂ ನಡೆದ ಯಕ್ಷಗಾನದ ಆಟ ಮತ್ತು ತಾಳಮದ್ದಲೆಗಳನ್ನು ಮದುವೆಯ ವಿಡಿಯೋ ಮಾಡುವವರನ್ನು ಕರೆಸಿ ಹಿಡಿದಿಡಿಸಿದ್ದರು. ಒಂದು ಇ-180 ಕ್ಯಾಸೆಟ್‌ನಲ್ಲಿ ಮೂರು ಗಂಟೆ ಹಿಡಿಯುತ್ತದೆ, ಬೆಳಗಿನವರೆಗಿನ ಆಟಕ್ಕೆ ಮೂರು ಕ್ಯಾಸೆಟ್ ಬೇಕು. ಪ್ರತಿಯೊಂದರ ಬದಿಯಲ್ಲಿ ಅಪ್ಪಯ್ಯನ ದುಂಡು ಅಕ್ಷರದಲ್ಲಿ ಇಸವಿ, ಭಾಗವತರು, ಮುಮ್ಮೇಳದವರು.

ಸಂಜೆ ತೋಟದಿಂದ ಬಂದ ಮೇಲೆ ನಾವೆಲ್ಲ ನಡುಮನೆಯಲ್ಲಿ ಕುಳಿತು ಅವನ್ನು ನೋಡುತ್ತಿದ್ದೆವು. ಒಂದು ದಿನ ಊಟ ತೆಗೆದುಕೊಂಡು ಹೋದಾಗ ಅಮ್ಮ ಹೇಳಿದಳು: "ಇಲ್ಲಿಗೆ ಚಂಡೆ ಕೇಳುತ್ತದೆ, ಅರ್ಥ ಕೇಳುವುದಿಲ್ಲ." ಅರ್ಥವೆಂದರೆ ಪಾತ್ರಗಳ ಮಾತು. ನಮ್ಮ ಮಣ್ಣಿನ ಗೋಡೆ ಒಂದೂವರೆ ಅಡಿ ದಪ್ಪ. ತಾಳಮದ್ದಲೆಯಲ್ಲಿ ಕರ್ಣ ಏನು ಹೇಳಿದ, ಶಲ್ಯ ಏನು ತಿರುಗಿ ಕೇಳಿದ ಎಂಬುದನ್ನು ಐವತ್ತು ವರ್ಷ ಮನಸ್ಸಿಟ್ಟು ಕೇಳಿದವಳಿಗೆ ಚಂಡೆಯ ಸದ್ದು ಮಾತ್ರ ಸಾಕೇ?

ಇನ್ನೊಂದು ವಿಸಿಆರ್, ಅಂದರೆ ಈ ಕ್ಯಾಸೆಟ್ ಓಡಿಸುವ ಯಂತ್ರ, ಕೊಂಡುಕೊಳ್ಳೋಣವೆಂದರೆ ಹೊಸದು ಎಲ್ಲೂ ಇಲ್ಲ. ಜಗತ್ತಿನಲ್ಲಿ ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ನಿಲ್ಲಿಸಿಬಿಟ್ಟಿತು. ಇರುವುದು ಒಂದೇ ಯಂತ್ರ, ಒಂದೇ ಕ್ಯಾಸೆಟ್. ಎರಡು ಯಂತ್ರವಿದ್ದರೂ ಒಂದೇ ಕ್ಯಾಸೆಟ್ ಎರಡರಲ್ಲಿ ಓಡುವುದಿಲ್ಲವಲ್ಲ!

ಈ ಯಂತ್ರವನ್ನು ರೂಪಿಸಿದವರು ಈ ತೊಂದರೆಗೆ ಉತ್ತರವನ್ನು ಅದರ ಬೆನ್ನಿಗೇ ಕೊಟ್ಟು ಕಳಿಸಿದ್ದಾರೆ. ಹಿಂಬದಿ ತಿರುಗಿಸಿ ನೋಡಿ. ಚಿತ್ರಕ್ಕೆ ಹಳದಿ, ಧ್ವನಿಗೆ ಬಿಳಿ ಪಿನ್ನುಗಳ ಎವಿ ಔಟ್ ಒಂದು, ಆಂಟೆನಾ ತಂತಿಯ ಆರ್‌ಎಫ್ ಔಟ್ ಇನ್ನೊಂದು. ಎರಡೂ ಏಕಕಾಲಕ್ಕೆ ಕೆಲಸ ಮಾಡುತ್ತವೆ. ಆರ್‌ಎಫ್ ಎಂದರೆ ಯಂತ್ರದ ಹೊಟ್ಟೆಯೊಳಗೆ ಕುಳಿತ ಪುಟ್ಟದೊಂದು ಟಿವಿ ಕೇಂದ್ರ ಎಂದುಕೊಳ್ಳಿ. ಕ್ಯಾಸೆಟ್‌ನ ಚಿತ್ರವನ್ನೂ ಧ್ವನಿಯನ್ನೂ ಒಂದು ಚಾನೆಲ್ ಮಾಡಿ ತಂತಿಗೆ ಬಿಡುತ್ತದೆ. ನಮ್ಮದು ಯುಎಚ್‌ಎಫ್ 36ನೆಯ ಚಾನೆಲ್, ಅಂದರೆ 591.25 ಮೆಗಾಹರ್ಟ್ಸ್. ಆ ತಂತಿ ಎಷ್ಟು ಟಿವಿಗೆ ತಲುಪುತ್ತದೋ ಅಷ್ಟೂ ಟಿವಿಯಲ್ಲಿ 36 ಹುಡುಕಿಕೊಂಡರೆ ಆಟ ಬರುತ್ತದೆ. ಹಾಗಾಗಿ ಪಕ್ಕದಲ್ಲೇ ಇರುವ ನಡುಮನೆಯ ಟಿವಿಗೆ ಎವಿ ಕೊಟ್ಟೆ, ಅದರಲ್ಲಿ ಚಿತ್ರ ಹೆಚ್ಚು ಸ್ಪಷ್ಟ. ಅಮ್ಮನ ಕೋಣೆಗೂ ಮೆತ್ತಿಗೂ ಆರ್‌ಎಫ್.

ಮೊದಲು ಕೆಲಸಕ್ಕೆ ಕರೆಸಿದವರು ಆರ್‌ಎಫ್ ತಂತಿಯನ್ನು ಮಧ್ಯದಲ್ಲಿ ಸುಲಿದು, ಎರಡು ತಂತಿಗಳ ತುದಿಯನ್ನು ಅದಕ್ಕೆ ಹೆಣೆದು, ಕಪ್ಪು ಟೇಪ್ ಸುತ್ತಿ ಹೋದರು. ವಿದ್ಯುತ್ ತಂತಿಗೆ ಅಷ್ಟು ಸಾಕಾಗಬಹುದು, ಟಿವಿ ತಂತಿಗೆ ಸಾಲದು. ಅಮ್ಮನ ಟಿವಿಯಲ್ಲಿ ಪ್ರತಿ ವೇಷದ ಪಕ್ಕದಲ್ಲೂ ಅದರ ನೆರಳಿನಂಥ ಇನ್ನೊಂದು ವೇಷ ಕುಣಿಯುತ್ತಿತ್ತು. ಈ ಕೇಬಲ್‌ಗೆ 75 ಓಮ್ ಎಂಬ ಒಂದು ಗುಣವಿದೆ. ದಾರಿಯುದ್ದಕ್ಕೂ ಅದು ಹಾಗೆಯೇ ಇರಬೇಕು. ಹೆಣೆದ ಜಾಗದಲ್ಲಿ ಅದು ಕೆಡುತ್ತದೆ, ಸಂಕೇತದ ಒಂದು ಪಾಲು ಗೋಡೆಗೆ ಬಡಿದ ಚೆಂಡಿನಂತೆ ಹಿಂದಕ್ಕೆ ಬರುತ್ತದೆ, ಆಚೀಚೆ ಓಡಾಡಿ ತಡವಾಗಿ ಟಿವಿಯನ್ನು ಮುಟ್ಟುತ್ತದೆ. ಆ ತಡವೇ ನಮಗೆ ಕಾಣುವ ನೆರಳು.

ಇದಕ್ಕೆ ಬೇಕಾದದ್ದು ಸ್ಪ್ಲಿಟರ್ ಎಂಬ ಬೆಂಕಿಪೊಟ್ಟಣದಷ್ಟು ದೊಡ್ಡ ಲೋಹದ ಡಬ್ಬಿ. ಒಂದು ಕಡೆ ತಂತಿ ಒಳಗೆ, ಇನ್ನೊಂದು ಕಡೆ ಎರಡು ಹೊರಗೆ. ಇದರಲ್ಲಿ ಸಂಕೇತ ಅರ್ಧರ್ಧ ಹಂಚಿಹೋಗುತ್ತದೆ, ಲೆಕ್ಕದಲ್ಲಿ ಸುಮಾರು 3.5 ಡೆಸಿಬೆಲ್ ನಷ್ಟ. ನಾಲ್ಕು ದಾರಿಯದಾದರೆ ನಷ್ಟ ಏಳನ್ನು ದಾಟುತ್ತದೆ. ಆದ್ದರಿಂದ ಎರಡು ಟಿವಿಗೆ ನಾಲ್ಕರ ಡಬ್ಬಿ ತರಬೇಡಿ. ಮುಂದೆ ಬೇಕಾಗಬಹುದು ಎಂದು ತಂದರೆ ಖಾಲಿ ಉಳಿದ ಬಾಯಿಗಳಿಗೆ 75 ಓಮ್‌ನ ಮುಚ್ಚಳ ಹಾಕಿ. ಕೇಬಲ್ ಆರ್‌ಜಿ-6 ಇರಲಿ, ಸಣಕಲು ಆರ್‌ಜಿ-59 ಬೇಡ. ಈ ಚಾನೆಲ್‌ನಲ್ಲಿ ಆರ್‌ಜಿ-6 ಇಪ್ಪತ್ತು ಮೀಟರ್ ಹೋದರೂ ಮೂರು, ಮೂರೂವರೆ ಡೆಸಿಬೆಲ್‌ಗಿಂತ ಹೆಚ್ಚು ಕಳೆಯುವುದಿಲ್ಲ. ತುದಿಗೆ ತಿರುಗಿಸಿ ಕೂರಿಸುವ ಎಫ್ ಕನೆಕ್ಟರ್ ಹಾಕುವಾಗ ಹೊರಗಿನ ಜಾಲರಿಯ ಒಂದು ಎಳೆಯೂ ನಡುವಿನ ತಾಮ್ರಕ್ಕೆ ತಾಗಬಾರದು. ನನಗೆ ಎರಡು ಸಂಜೆ ಹಿಡಿದದ್ದು ಈ ಒಂದು ಕೆಲಸಕ್ಕೆ.

ಇಷ್ಟರ ಮೇಲೂ ಚಿತ್ರದಲ್ಲಿ ಕಾಳು ಉದುರಿದರೆ ಸಂಕೇತವನ್ನು ಹಿಗ್ಗಿಸುವ ಬೂಸ್ಟರ್ ಹಾಕಬಹುದು. ಆದರೆ ಅದನ್ನು ಟಿವಿಯ ಹತ್ತಿರ ಹಾಕಬೇಡಿ. ವಿಸಿಆರ್‌ನಿಂದ ಹೊರಟ ಕೂಡಲೇ, ಸ್ಪ್ಲಿಟರ್‌ಗೆ ಮೊದಲು ಹಾಕಿ. ದಾರಿಯಲ್ಲಿ ಬಡವಾದ ಮೇಲೆ ಹಿಗ್ಗಿಸಿದರೆ ಗದ್ದಲವೂ ಜೊತೆಗೆ ಹಿಗ್ಗುತ್ತದೆ. ನಮಗೆ ಅದು ಬೇಕಾಗಲೇ ಇಲ್ಲ.

ಎವಿ ತಂತಿಯನ್ನೇ ಸೀಳಿ ಎರಡು ಟಿವಿಗೆ ಕೊಡುವವರೂ ಇದ್ದಾರೆ. ಹಾಗೆ ಮಾಡಿದರೆ ಚಿತ್ರ ಮಂಕಾಗುತ್ತದೆ. ಒಂದು ಟಿವಿಗೆಂದು ಲೆಕ್ಕ ಹಾಕಿದ ಒಂದು ವೋಲ್ಟ್, ಎರಡು ಟಿವಿ ಎಳೆದಾಗ ಮುಕ್ಕಾಲಿಗಿಂತಲೂ ಕೆಳಗೆ ಇಳಿಯುತ್ತದೆ. ಎವಿಯನ್ನು ಹಂಚಲು ವಿದ್ಯುತ್ತಿನಿಂದ ನಡೆಯುವ ಹಂಚುಪೆಟ್ಟಿಗೆಯೇ ಬೇಕು.

ಟಿವಿಯ ಬಗ್ಗೆ ಒಂದು ಎಚ್ಚರಿಕೆ. ಇತ್ತೀಚಿನ ಕೆಲವು ಟಿವಿಗಳಲ್ಲಿ, ಆರ್‌ಎಫ್‌ನ ಈ ಹಳೆಯ ಬಗೆಯ ಚಾನೆಲ್ ಹಿಡಿಯುವ ಅನಲಾಗ್ ಟ್ಯೂನರ್ ಇರುವುದಿಲ್ಲ. ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಮೆನು ತೆರೆಸಿ ನೋಡಿ.

ಈಗ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಹಿಂದೆ ಕೇಬಲ್ ಟಿವಿಯೂ ಹೀಗೆಯೇ ಇತ್ತು. ಒಂದು ತಂತಿ ಮನೆಗೆ ಬಂದರೆ ಅದನ್ನು ಹಂಚಿಕೊಂಡು ಎಲ್ಲ ಕೋಣೆಯಲ್ಲೂ ನೋಡಬಹುದಿತ್ತು. ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31ರ ಗಡುವಿನೊಂದಿಗೆ ಡಿಜಿಟಲ್ ಕೇಬಲ್ ಬಂದಿತು. ನಮ್ಮಂಥ ಊರುಗಳಿಗೆ ಕೊನೆಯ ಹಂತದಲ್ಲಿ, 2017ರ ಮಾರ್ಚ್ ಗಡುವಿನೊಂದಿಗೆ ಬಂದಿತು. ಚಿತ್ರ ಚೆನ್ನಾಯಿತು, ಚಾನೆಲ್ ಹೆಚ್ಚಾದವು, ಒಪ್ಪುತ್ತೇನೆ. ಆದರೆ ಟಿವಿಗೊಂದು ಪೆಟ್ಟಿಗೆ, ಪೆಟ್ಟಿಗೆಗೊಂದು ಬಾಡಿಗೆ ಎಂದಾಯಿತು. 2020ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಎರಡನೆಯ ಟಿವಿಯಿಂದ ಆಚೆಗೆ ಸಂಪರ್ಕ ಶುಲ್ಕ ಮೊದಲನೆಯದರ ಶೇ 40 ಮೀರಬಾರದು ಎಂದು ಹೇಳಬೇಕಾಗಿ ಬಂದಿತು ಎಂದರೆ ಮನೆಯವರ ಮೇಲೆ ಎಷ್ಟು ಹೊರೆ ಬಿದ್ದಿತ್ತು ಎಂದು ಊಹಿಸಿ. ಬೇರೆ ಬೇರೆ ಕೋಣೆಯಲ್ಲಿ ಬೇರೆ ಬೇರೆ ಚಾನೆಲ್ ನೋಡುವವರಿಗೆ ಬೇರೆ ಪೆಟ್ಟಿಗೆ ಬೇಕು, ಅದು ನ್ಯಾಯ. ನಡುಮನೆಯಲ್ಲಿ ಬರುವುದೇ ಒಳಕೋಣೆಯಲ್ಲೂ ಬಂದರೆ ಸಾಕು ಎನ್ನುವವರಿಗೂ ಅದನ್ನೇ ಮಾರುವುದು ನ್ಯಾಯವಲ್ಲ.

ಈಗಿನ ಟಿವಿಗೆ ಚಿತ್ರ, ಧ್ವನಿ ಎರಡನ್ನೂ ಒಯ್ಯುವ ಎಚ್‌ಡಿಎಂಐ ತಂತಿ ಬಂದ ಮೇಲೆ ಇದು ಇನ್ನೂ ಬಿಗಿಯಾಯಿತು. ಆ ತಂತಿಯನ್ನು ಕವಲೊಡೆಸಲಾಗದು. ಟಿವಿಯೂ ಪೆಟ್ಟಿಗೆಯೂ ಮೊದಲು ಮಾತಾಡಿಕೊಂಡು, ನೀನು ಎಷ್ಟು ತೋರಿಸಬಲ್ಲೆ, ನಿನಗೆ ತೋರಿಸಬಹುದೇ ಎಂದು ವಿಚಾರಿಸಿದ ಮೇಲೆಯೇ ಚಿತ್ರ. ಅದಕ್ಕೂ ವಿದ್ಯುತ್ತಿನ ಸ್ಪ್ಲಿಟರ್ ಇದೆ, ಆದರೆ ಸಾಲಿನಲ್ಲಿ ಒಂದು ಹಳೆಯ ಟಿವಿ ಇದ್ದರೆ ಸಾಮಾನ್ಯವಾಗಿ ಎಲ್ಲ ಟಿವಿಗಳೂ ಅದರ ಮಟ್ಟಕ್ಕೆ ಇಳಿಯುತ್ತವೆ. ದೂರದ ಕೋಣೆಗೆ ಉದ್ದದ ಎಚ್‌ಡಿಎಂಐ ತಂತಿ ಎಳೆಯುವ ಬದಲು, ನೆಟ್‌ವರ್ಕ್‌ಗೆ ಬಳಸುವ ಕ್ಯಾಟ್-6 ತಂತಿಯ ಎರಡು ತುದಿಗೆ ಎಕ್ಸ್‌ಟೆಂಡರ್ ಹಾಕುವುದು ಲೇಸು. ಮನೆಯ ಸಿಸಿಟಿವಿಯ ಚಿತ್ರ ಹಿಡಿದಿಡುವ ಡಿವಿಆರ್ ಅನ್ನು ಎರಡು ಕಡೆ ನೋಡಬೇಕೆಂದವರಿಗೂ ನಾನು ಇದನ್ನೇ ಹೇಳುತ್ತೇನೆ.

ಹೊಸ ಮನೆ ಕಟ್ಟುವವರಲ್ಲಿ ಕೈಮುಗಿದು ಕೇಳುತ್ತೇನೆ. ಪೂಜೆಯ ಕೋಣೆಗೆ ಇಟಾಲಿಯನ್ ಕಲ್ಲು ಹಾಕುತ್ತೀರಿ, ಸಂತೋಷ. ಪ್ರತಿ ಕೋಣೆಯಿಂದ ಒಂದೇ ಜಾಗಕ್ಕೆ ಬಂದು ಸೇರುವಂತೆ ಒಂದಿಂಚಿನ ಖಾಲಿ ಪೈಪನ್ನೂ ಗೋಡೆಯಲ್ಲಿ ಹುಗಿಸಿ, ಒಳಗೊಂದು ಎಳೆತಂತಿ ಬಿಡಿ. ವಿದ್ಯುತ್ ಪೈಪಿನಿಂದ ದೂರವಿರಲಿ. ಮುಖ್ಯವಾಗಿ, ವಯಸ್ಸಾದವರು ಮಲಗುವ ಕೋಣೆಯನ್ನು ಬಿಡಬೇಡಿ. ನಮ್ಮ ಹಳೆಯ ಗೋಡೆಯನ್ನು ಕೊರೆಯಲು ಮನಸ್ಸು ಬಾರದೆ ನಾನು ತಂತಿಯನ್ನು ನಾಗಂದಿಗೆಯ ಮೇಲಿನಿಂದ ಹಾಯಿಸಿ, ಬಾಗಿಲ ದಾರಂದದ ಮೂಲೆಯಿಂದ ಇಳಿಸಿದ್ದೇನೆ. ಮಲೆನಾಡಿನವರಿಗೆ ಇನ್ನೂ ಒಂದು ಮಾತು: ಎಲ್ಲ ಟಿವಿಗಳೂ ಒಂದೇ ತಂತಿಯಲ್ಲಿ ಸೇರಿದ ಮೇಲೆ ಸಿಡಿಲು ಬಂದರೂ ಎಲ್ಲದಕ್ಕೂ ಸೇರಿಯೇ ಬರುತ್ತದೆ. ಗುಡುಗುವ ಮುನ್ನವೇ ವಿಸಿಆರ್‌ನ ಪ್ಲಗ್, ಟಿವಿಗಳ ಪ್ಲಗ್, ಆರ್‌ಎಫ್ ತಂತಿ ಎಲ್ಲವನ್ನೂ ಕಿತ್ತಿಡುತ್ತೇವೆ.

"ಮಾವ, ಇದೆಲ್ಲ ಬಿಟ್ಟು ಪೆನ್‌ಡ್ರೈವ್‌ಗೆ ಹಾಕಿಸಿಬಿಡಿ" ಎಂದು ಅಕ್ಕನ ಮಗ ಬೆಂಗಳೂರಿನಿಂದ ಫೋನಿನಲ್ಲಿ ಹೇಳುತ್ತಾನೆ. ಅವನ ಮಾತು ಸರಿಯೇ. ಮಳೆಗಾಲದ ಥಂಡಿಗೆ ಟ್ರಂಕಿನ ಆರು ಕ್ಯಾಸೆಟ್‌ಗಳಿಗೆ ಆಗಲೇ ಬಿಳಿ ಬೂಷ್ಟು ಹಿಡಿದಿದೆ. ಅವನ್ನು ನಾನು ಯಂತ್ರಕ್ಕೆ ಹಾಕುವುದಿಲ್ಲ, ಹಾಕಿದರೆ ಆ ಬೂಷ್ಟು ಹೆಡ್ಡಿಗೆ ಅಂಟಿ ಮುಂದಿನ ಒಳ್ಳೆಯ ಕ್ಯಾಸೆಟ್‌ಗೂ ಹಬ್ಬುತ್ತದೆ. ಉಳಿದವನ್ನು ಒಂದೊಂದಾಗಿ ಕಂಪ್ಯೂಟರ್‌ಗೆ ಇಳಿಸುತ್ತಿದ್ದೇನೆ. ಆದರೆ ಮೂರು ಗಂಟೆಯ ಕ್ಯಾಸೆಟ್ ಇಳಿಯಲು ಮೂರು ಗಂಟೆ ಪೂರ್ತಿ ಬೇಕು. ಅಡಿಕೆ ಕೊಯ್ಲಿನ ನಡುವೆ ವಾರಕ್ಕೆ ಒಂದಾದರೆ ಹೆಚ್ಚು. ಅಮ್ಮನಿಗೆ ಎಂಬತ್ತಮೂರು. ಎಲ್ಲ ಇಳಿಸಿ ಮುಗಿಯಲಿ, ಆಮೇಲೆ ನೋಡು ಎಂದು ನಾನು ಅವಳಿಗೆ ಹೇಳಲಾರೆ. ಇಳಿಸುವ ಹೊತ್ತಿಗೇ ಅದು ಅವಳ ಟಿವಿಯಲ್ಲಿ ಓಡಲಿ.

ಒಂದು ತೊಡಕು ಉಳಿದಿತ್ತು. ರಿಮೋಟಿನ ಬೆಳಕು ಗೋಡೆ ದಾಟುವುದಿಲ್ಲ. ಅಮ್ಮನಿಗೆ ಚಿತ್ರ ಬಂದರೂ ನಿಲ್ಲಿಸಬೇಕೆಂದರೆ ನಮ್ಮನ್ನು ಕೂಗಬೇಕಿತ್ತು. ಅದಕ್ಕೊಂದು ಜೋಡಿ ಪೆಟ್ಟಿಗೆ ಸಿಗುತ್ತದೆ. ಅವಳ ಕೋಣೆಯಲ್ಲಿರುವುದು ರಿಮೋಟಿನ ಬೆಳಕನ್ನು ರೇಡಿಯೋ ಅಲೆಯಾಗಿ ಬದಲಿಸಿ ಕಳಿಸುತ್ತದೆ, ವಿಸಿಆರ್ ಎದುರಿಗಿರುವುದು ಅದನ್ನು ಮತ್ತೆ ಬೆಳಕು ಮಾಡುತ್ತದೆ. ಈಗ ರಿಮೋಟ್ ಅವಳ ದಿಂಬಿನ ಪಕ್ಕದಲ್ಲೇ ಇರುತ್ತದೆ.

ಮೊನ್ನೆ ಶನಿವಾರ 1993ರ ತಾಳಮದ್ದಲೆ ಹಾಕಿದ್ದೆವು. ನಡುಮನೆಯಲ್ಲಿ ನಾವು ಏಳು ಜನ, ಮೆತ್ತಿನಲ್ಲಿ ತಮ್ಮನ ಮಕ್ಕಳು. ಶಲ್ಯನ ಒಂದು ಮಾತಿಗೆ ಚಿತ್ರ ಗಕ್ಕನೆ ನಿಂತಿತು, ಹಿಂದಕ್ಕೆ ಓಡಿತು, ಮತ್ತೆ ಅದೇ ಮಾತು. ಹೀಗೆ ಮೂರು ಸಲ. ಮಕ್ಕಳು ಮೇಲಿನಿಂದ "ಅಜ್ಜೀ, ಮುಂದೆ ಹೋಗಲಿ" ಎಂದು ಕೂಗಿದರು. ಅಡುಗೆಮನೆಯಾಚೆಯಿಂದ ಉತ್ತರ ಬಂತು: "ಇರಿ, ಅವರು ಇಲ್ಲಿ ಹೇಳಿದ್ದಕ್ಕೆ ಕರ್ಣ ಸರಿಯಾದ ಉತ್ತರವನ್ನೇ ಕೊಡಲಿಲ್ಲ." ನಾವೆಲ್ಲ ಕಾದೆವು.

ಯಂತ್ರದ ರಬ್ಬರ್ ಬೆಲ್ಟ್ ಸಡಿಲವಾಗುತ್ತಿದೆ, ಕ್ಯಾಸೆಟ್ ಹೊರಗೆ ಬರುವಾಗ ತಿಣುಕುತ್ತದೆ. ಸಾಗರ, ಸೊರಬ, ಸಿರಸಿ, ಹೊಸನಗರದ ಕಡೆ ಇನ್ನೂ ವಿಸಿಆರ್ ರಿಪೇರಿ ಮಾಡುವವರು ಯಾರಾದರೂ ಗೊತ್ತಿದ್ದರೆ, ಅಥವಾ ನಿಮ್ಮ ಅಟ್ಟದಲ್ಲಿ ಕೆಟ್ಟು ಕುಳಿತ ಯಂತ್ರವಿದ್ದು ಬಿಡಿಭಾಗಕ್ಕೆ ಕೊಡಲು ಮನಸ್ಸಿದ್ದರೆ, ದಯವಿಟ್ಟು ತಿಳಿಸಿ. ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.